ಹತ್ತು ಗ್ರಾಂ ಕೂದಲು

ನಮ್ಮ ಮನೆ, ಮೂರನೇ ಮಹಡಿ
ಮಂಗಳವಾರ, ಒಂಬತ್ತನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಉಸಿರು ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಲ್ಲುತ್ತೀಯೋ ಅಥವಾ ಒಂದೇ ಸಲಕ್ಕೆ ಹತ್ತುತ್ತೀಯೋ? ಮಲಗುವಾಗ ಎಷ್ಟು ದಿಂಬು ಇಟ್ಟುಕೊಳ್ಳುತ್ತೀಯ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು ಅಂತ ನೀನು ಹೇಳಬಹುದು. ಆದರೆ ನಾನು ಫೋನ್ ಮಾಡಿದಾಗಲೆಲ್ಲ ತಮ್ಮನ ಹೆಂಡತಿ ಸ್ಪೀಕರ್ ಹಾಕುತ್ತಾಳೆ. ಕೇಳಿದರೆ "ಕೈಯಲ್ಲಿ ಕೆಲಸ ಇದೆ, ಅದಕ್ಕೆ" ಅನ್ನುತ್ತಾಳೆ. ಕೆಲಸ ಇರುವುದು ಅವಳ ಕೈಗೆ, ಫೋನು ಇರುವುದು ನಿನ್ನ ಕೈಯಲ್ಲಿ, ನಡುವೆ ಸ್ಪೀಕರಿಗೆ ಏನು ಕೆಲಸ? "ಚೆನ್ನಾಗಿದ್ದೀನಿ ಕಣೇ" ಅಂತ ನೀನು ಹೇಳುವುದು ನಿಜಕ್ಕೋ, ಅವಳು ಎದುರಿಗೆ ಕೂತಿದ್ದಾಳೆ ಎನ್ನುವುದಕ್ಕೋ ನನಗೆ ತಿಳಿಯುವುದಿಲ್ಲ. ಅದಕ್ಕೇ ಈ ಪತ್ರ. ಉತ್ತರವನ್ನು ನೀನೇ ಬರೆ, ಲಕೋಟೆಯ ಮೇಲಿನ ವಿಳಾಸವನ್ನೂ ನೀನೇ ಬರೆ. ಹೋದ ಸಲದ ವಿಳಾಸ ಅವಳ ಅಕ್ಷರದಲ್ಲಿತ್ತು. ನಾನು ಗಮನಿಸಲಿಲ್ಲ ಅಂದುಕೊಳ್ಳಬೇಡ.

ನಗಬೇಡ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವಳು ಬೇರೆ ಹೇಗಿರಲು ಸಾಧ್ಯ? ತಕ್ಕಡಿಯ ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದವರನ್ನು ಹಿಡಿದಿದ್ದೇನೆ, ಕಬ್ಬಿಣದ ಬಟ್ಟನ್ನು ಕೊರೆದು ಮೇಣ ತುಂಬಿದವರನ್ನು ಹಿಡಿದಿದ್ದೇನೆ. ನೀನು ಮಕ್ಕಳಿಗೆ ಓಟ ಕಲಿಸುತ್ತಾ ಶಿಳ್ಳೆ ಊದಿಕೊಂಡು ಇದ್ದವಳು, ನಿನಗೆ ಮನುಷ್ಯರೆಲ್ಲ ಒಳ್ಳೆಯವರಾಗಿಯೇ ಕಾಣುತ್ತಾರೆ. ನಿವೃತ್ತಿಯ ನಂತರ ಒಂದೇ ಮನೆಯಲ್ಲಿ ಇರೋಣ ಅಂತ ನಾವಿಬ್ಬರೂ ತೀರ್ಮಾನಿಸಿದಾಗ ತಮ್ಮ ಹೇಳಿದ್ದು ನೆನಪಿದೆಯಾ? "ಒಬ್ಬಳು ಬಾಗಿಲು ತೆಗೀತಾಳೆ, ಇನ್ನೊಬ್ಬಳು ಯಾರು ಅಂತ ಕೇಳ್ತಾಳೆ, ಸರಿಹೋಯ್ತು ಬಿಡಿ."

ಮನೆಯ ಸುದ್ದಿ. ಕಂಬಳಿ ತಿನ್ನುತ್ತಿದ್ದಾನೆ, ಆದರೆ ಮೊದಲಿನಂತೆ ತಟ್ಟೆ ನೆಕ್ಕಿ ಗೋಡೆಯವರೆಗೆ ತಳ್ಳುವುದಿಲ್ಲ. ನಿನ್ನ ಬಿಳಿ ಕ್ಯಾನ್ವಾಸ್ ಶೂಗಳಲ್ಲಿ ಒಂದನ್ನು ಹಾಸಿಗೆ ಮಾಡಿಕೊಂಡಿದ್ದಾನೆ, ಅಂದರೆ ಗದ್ದವನ್ನು ಅದರೊಳಗೆ ಇಟ್ಟು ಮಲಗುತ್ತಾನೆ. ಇನ್ನೊಂದನ್ನು ನಾನು ಕಪಾಟಿನ ಮೇಲೆ ಎತ್ತಿಟ್ಟಿದ್ದೇನೆ. ಬಾಲದ ಬುಡದಲ್ಲಿ ಕರಿ ಕೂದಲು ಇನ್ನೂ ಉದುರುತ್ತಲೇ ಇದೆ, ಹೆಸರಿಗೆ ತಕ್ಕ ನಾಯಿ. ಮೌನಿಯೂ ಚೆನ್ನಾಗಿದ್ದಾಳೆ.

ಆ ಬೆಳಿಗ್ಗೆ ನೀನು ಮಂಚದ ಅಂಚಿನಲ್ಲಿ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಮಾತಾಡಲಾಗದೆ ನನ್ನನ್ನೇ ನೋಡುತ್ತಿದ್ದೆಯಲ್ಲ, ಆ ನೋಟ ಈಗಲೂ ನನ್ನ ಕಣ್ಣೆದುರಿಗಿದೆ. ತುಟಿ ನೀಲಿಯಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು "ಮನೇಲಿ ಪ್ರಾಣಿ ಇದೆಯಾ? ಕೂದಲಿನ ಧೂಳು ಇವರಿಗೆ ಆಗ್ತಾ ಇಲ್ಲ" ಅಂದಾಗ ನಾವೆಲ್ಲ ಒಟ್ಟಿಗೇ ಕಂಬಳಿಯನ್ನು ನೆನೆದೆವು. ತಮ್ಮ ಅಂತೂ ಬಾಯಿಬಿಟ್ಟೇ ಹೇಳಿದ. ನೀನು ಆಸ್ಪತ್ರೆಯಿಂದ ನೇರವಾಗಿ ಅವನ ಮನೆಗೆ ಹೋದೆ, ನಾನು ಪೊರಕೆ ಹಿಡಿದುಕೊಂಡು ಇಲ್ಲಿಗೆ ಬಂದೆ. ಪೊರಕೆಯಿಂದ ಪ್ರಯೋಜನವಿಲ್ಲ, ಧೂಳು ಗಾಳಿಗೆ ಏಳುತ್ತದೆ, ಒಳ್ಳೆಯ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರ್ ತೆಗೆದುಕೊಳ್ಳಿ ಅಂತ ಡಾಕ್ಟರೇ ಹೇಳಿದ್ದರು. ಯಾವುದು ಅಂತ ಕೇಳಿದೆ. ಒಂದು ಕಂಪನಿಯ ಹೆಸರು ಹೇಳಿದರು. ಅವರ ಮೇಜಿನ ಮೇಲಿದ್ದ ಕ್ಯಾಲೆಂಡರಿನಲ್ಲೂ ಅದೇ ಕಂಪನಿಯ ಹೆಸರಿತ್ತು. ಆ ಮಷೀನನ್ನು ಅಲ್ಲೇ ಕೈಬಿಟ್ಟೆ.

ಮೊದಲು ಹೋದದ್ದು ನಾಲ್ಕು ರಸ್ತೆ ಸೇರುವಲ್ಲಿರುವ ದೊಡ್ಡ ಅಂಗಡಿಗೆ. ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ಟೈಲ್ಸ್ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಚೆಲ್ಲಿ, ಮಷೀನು ಓಡಿಸಿ, "ನೋಡಿ ಆಂಟಿ, ಫುಲ್ ಕ್ಲೀನ್!" ಎಂದ. ನುಣ್ಣನೆಯ ಟೈಲ್ಸ್ ಮೇಲಿನ ಪೌಡರು ನಾನು ಬಾಯಿಂದ ಊದಿದರೂ ಹೋಗುತ್ತದೆ. ಕಣ್ಣಿಗೆ ಮಣ್ಣೆರಚುವುದು ಅಂದರೆ ಇದೇ, ಇಲ್ಲಿ ಮಣ್ಣಿನ ಬದಲು ಪೌಡರು, ಅಷ್ಟೇ ವ್ಯತ್ಯಾಸ. ನಾನು ಬ್ಯಾಗಿನಿಂದ ನನ್ನ ಪೊಟ್ಟಣ ತೆಗೆದೆ. ಮನೆಯಲ್ಲೇ ತೂಗಿ ತಂದಿದ್ದೆ, ಸರಿಯಾಗಿ ಹತ್ತು ಗ್ರಾಂ. "ಏನಿದು ಆಂಟಿ?" ಅಂದ. "ನಾಯಿ ಕೂದಲು" ಅಂದೆ. ಎರಡು ಹೆಜ್ಜೆ ಹಿಂದೆ ಸರಿದ. ಅವರು ಮಾರಾಟಕ್ಕೆ ಇಟ್ಟಿದ್ದ ಹಳೆಯ ನಮೂನೆಯ ಕಾರ್ಪೆಟ್ ಒಂದರ ಮೇಲೆ ಅದನ್ನು ಹರಡಿ, ಕಂಬಳಿ ಹೊರಳಾಡಿದಂತೆಯೇ ಅಂಗೈಯಿಂದ ಚೆನ್ನಾಗಿ ತಿಕ್ಕಿ, ಈಗ ಓಡಿಸು ಅಂದೆ. ಓಡಿಸಿದ. ಡಬ್ಬಿ ತೆಗೆಸಿ, ಇಲಾಖೆಯವರು ಬೀಳ್ಕೊಡುಗೆಗೆ ಕೊಟ್ಟ ಆ ಅಂಗೈಯಗಲದ ತಕ್ಕಡಿಯನ್ನು ಕೌಂಟರಿನ ಮೇಲಿಟ್ಟು ತೂಗಿದೆ. ಆರು ಗ್ರಾಂ! ಉಳಿದ ನಾಲ್ಕರಲ್ಲಿ ಅರ್ಧ ಕಾರ್ಪೆಟ್ಟಿನಲ್ಲೇ ಇತ್ತು, ಇನ್ನರ್ಧ ತಿರುಗುವ ಬ್ರಷ್ಷಿಗೆ ದಾರದ ಉಂಡೆಯಂತೆ ಸುತ್ತಿಕೊಂಡಿತ್ತು. "ಯಾರೂ ತೂಕ ಹಾಕಿ ನೋಡಲ್ಲ ಆಂಟಿ" ಅಂದ. "ಗೊತ್ತಪ್ಪ, ಮೂವತ್ತೊಂದು ವರ್ಷ ಇದೇ ಮಾತು ಕೇಳಿದ್ದೀನಿ" ಅಂದೆ. ಡಬ್ಬಿಯ ಮೇಲೆ ಎರಡು ಸಾವಿರ ವ್ಯಾಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಇದು ಮಷೀನು ತಿನ್ನುವ ಕರೆಂಟೋ, ಧೂಳು ಎಳೆಯುವ ಬಲವೋ ಅಂತ ಕೇಳಿದೆ. ಅವನು ಚಾವಣಿ ನೋಡಿದ. ತಿನ್ನುವ ಕರೆಂಟೇ ಅಂತ ನನಗೆ ಆಗಲೇ ತಿಳಿಯಿತು. ಹೆಚ್ಚು ತಿನ್ನುವವರೆಲ್ಲ ಹೆಚ್ಚು ಕೆಲಸ ಮಾಡುತ್ತಾರೆ ಅಂತ ಯಾವ ಆಫೀಸಿನಲ್ಲಿ ಕಂಡಿದ್ದೇವೆ ಹೇಳು?

ಆಮೇಲೆ ಫೋನಿನಲ್ಲಿ ಜನ ಬರೆದ ಅಭಿಪ್ರಾಯಗಳನ್ನೆಲ್ಲ ಓದಿದೆ. ಒಂದು ಮಷೀನಿಗೆ ನಾಲ್ಕು ಸಾವಿರ ಜನ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದಾಗ ಐದು ಜನ ಬೇರೆ ಬೇರೆ ಹೆಸರಿನಲ್ಲಿ ಒಂದೇ ವಾಕ್ಯ ಬರೆದಿದ್ದು ಕಂಡಿತು, ಐವರದ್ದೂ ಒಂದೇ ಪದದಲ್ಲಿ ಒಂದೇ ತಪ್ಪು. ಶಾಲೆಯಲ್ಲಿ ನಕಲು ಹೊಡೆಯುವ ಮಕ್ಕಳನ್ನು ನೀನು ಹೀಗೇ ಅಲ್ಲವೇ ಹಿಡಿಯುತ್ತಿದ್ದದ್ದು? ನನಗೆ ಬೇಕಾದದ್ದು ಒಂದೇ ನಕ್ಷತ್ರ ಕೊಟ್ಟವರ ಮಾತು. ಅವರಲ್ಲಿ ಒಬ್ಬಾಕೆ, ತಟ್ಟೆಯಂತೆ ಗುಂಡಗಿದ್ದು ತಾನಾಗಿಯೇ ಮನೆಯೆಲ್ಲ ಸುತ್ತುವ ಮಷೀನು ಕೊಂಡವಳು, ನಾಯಿಮರಿ ನೆಲದ ಮೇಲೆ ಮಾಡಿದ ಹೊಲಸನ್ನು ಅದು ಮೂರು ಕೋಣೆಗೂ ಸಮನಾಗಿ ಹಂಚಿತು ಅಂತ ಬರೆದಿದ್ದಳು. ಆಕೆಯನ್ನು ನಂಬಿದೆ. ಅಂಥದ್ದನ್ನು ಯಾರೂ ಸುಳ್ಳಾಗಿ ಬರೆಯುವುದಿಲ್ಲ.

ಮೇಲಿನ ಮನೆಯ ಟೈಲರಮ್ಮ ನಾನು ಹುಡುಕುತ್ತಿರುವ ವಿಷಯ ತಿಳಿದು, ಕೇಳದೆಯೇ ತನ್ನ ಮಷೀನು ಇಳಿಸಿಕೊಂಡು ಬಂದಳು. ವೈರಿಲ್ಲದ್ದು, ಕೋಲಿನಂತೆ ಹಗುರ. "ಅಕ್ಕ ಬರೋವರೆಗೂ ಇಟ್ಕೊಳ್ಳಿ" ಅಂದಳು. ಕೇಳದೆ ಕೊಟ್ಟ ವಸ್ತು ಕಂಡರೆ ನನಗೆ ಮೊದಲು ಬರುವುದು ಅನುಮಾನ. ಎಷ್ಟು ದಿನದಿಂದ ಕೆಟ್ಟಿದೆ ಅಂತ ಕೇಳಿಯೇಬಿಟ್ಟೆ. ಅವಳಿಗೆ ಬೇಜಾರಾಗಲಿಲ್ಲ. "ನಿಮ್ಮಕ್ಕ ನನ್ನ ಮಗಳಿಗೆ ಓಡೋದು ಕಲಿಸಿದ್ರು. ಅವ್ರ ಶಿಳ್ಳೆ ಕೇಳದೆ ಮೆಟ್ಟಿಲೆಲ್ಲ ಬಿಕೋ ಅನ್ನತ್ತೆ" ಅಂದಳು. ನಾಲಿಗೆ ಕಚ್ಚಿಕೊಂಡೆ. ಆದರೂ ಪರೀಕ್ಷೆ ಬಿಡಲಿಲ್ಲ. ಗಾಳಿ ಹೊರಬರುವ ಹಿಂಬದಿಗೆ ಒದ್ದೆ ಮಾಡಿದ ಬಿಳಿ ಕರ್ಚೀಫು ಹಿಡಿದು ಓಡಿಸಿದೆ. ಐದು ನಿಮಿಷಕ್ಕೆ ಕರ್ಚೀಫು ಬೂದಿ ಬಣ್ಣಕ್ಕೆ ತಿರುಗಿತು. ಮುಂದೆ ನುಂಗಿದ್ದನ್ನು ಹಿಂದಿನಿಂದ ಗಾಳಿಗೆ ಬಿಡುತ್ತಿದೆ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣಗೆ, ನೇರವಾಗಿ ನಿನ್ನ ಎದೆಗೆ ಹೋಗುವ ಹಾಗೆ. ಹನ್ನೆರಡನೇ ನಿಮಿಷಕ್ಕೆ ನಿನ್ನ ಮಂಚದ ಕೆಳಗೆ ಬ್ಯಾಟರಿ ಮುಗಿದು ಕೈಕೊಟ್ಟಿತು. ಒರೆಸಿ, ಥ್ಯಾಂಕ್ಸ್ ಹೇಳಿ ವಾಪಸ್ ಕೊಟ್ಟೆ. ಕರ್ಚೀಫಿನ ವಿಷಯ ಹೇಳಲಿಲ್ಲ. ನನಗೂ ಅಷ್ಟು ಮರ್ಯಾದೆ ಗೊತ್ತು.

ಕೊನೆಗೆ ದಾರಿ ತೋರಿಸಿದ್ದು ಬಸ್ ನಿಲ್ದಾಣದ ಹಿಂದಿನ ಓಣಿಯ ರಿಪೇರಿಯವರು. ಎಲ್ಲರೂ ಅವರನ್ನು ಮೋಟಾರ್ ಮೇಷ್ಟ್ರು ಅನ್ನುತ್ತಾರೆ. ಅಂಗಡಿ ಒಂದು ಬಾಗಿಲಿನಷ್ಟು ಅಗಲ, ಒಳಗೆ ನಿಂತರೆ ತಿರುಗಲು ಹೊರಗೆ ಬರಬೇಕು. ಗೋಡೆಗೆ ಏಳು ಸತ್ತ ವ್ಯಾಕ್ಯೂಮ್ ಕ್ಲೀನರುಗಳು. "ಇವೆಲ್ಲ ಯಾಕೆ ಸತ್ವು ಗೊತ್ತಾ ಅಮ್ಮ? ಕೂದಲು ನುಂಗಿ. ಡಬ್ಬಿ ಮಾದರಿ ನೋಡೋಕೆ ಚೆಂದ, ಆದ್ರೆ ಜನ ಫಿಲ್ಟರ್ ತೊಳಿಯಲ್ಲ. ಕೂದಲು ಕೂತು ಉಸಿರು ಕಟ್ಟಿ ಮೋಟಾರ್ ಸುಟ್ಟೋಗತ್ತೆ." ಉಸಿರು ಕಟ್ಟಿ ಅಂದಾಗ ನಾನು ಬ್ಯಾಗಿನಿಂದ ಪೆನ್ನು, ಕಾಗದ ತೆಗೆದೆ. ಅವರು ಹೇಳಿದ್ದು ಇಷ್ಟು: ವೈರಿರುವುದು ತಗೊಳ್ಳಿ, ಒಳಗೆ ಕಾಗದದ ಚೀಲ ಇರುವುದು ತಗೊಳ್ಳಿ, ತುಂಬಿದ ಚೀಲವನ್ನು ಮುಚ್ಚಿ ಹಾಗೇ ಎಸೆಯಬಹುದು, ಧೂಳು ನಿಮ್ಮ ಮುಖಕ್ಕೆ ಬರುವುದಿಲ್ಲ. ಫಿಲ್ಟರಿನ ಸುತ್ತ ರಬ್ಬರ್ ಪಟ್ಟಿ ಇದೆಯಾ ಅಂತ ಬೆರಳಿಟ್ಟು ನೋಡಿ, ಅದಿಲ್ಲದಿದ್ದರೆ ಫಿಲ್ಟರ್ ಎಷ್ಟೇ ಒಳ್ಳೆಯದಾದರೂ ಗಾಳಿ ಪಕ್ಕದಿಂದ ನುಸುಳುತ್ತದೆ. ಕೂದಲಿಗೆ ಬ್ರಷ್ಷಿಗಿಂತ ರಬ್ಬರ್ ತುಟಿ ಇರುವ ಮೂತಿ ವಾಸಿ. ಚೀಲ ಮುಂದೆಯೂ ಸಿಗುತ್ತದೆಯೇ ಅಂತ ಕೇಳಿಕೊಂಡೇ ಕೊಳ್ಳಿ. ಬಣ್ಣ, ದೀಪ, ಪರದೆ ಇದ್ದಷ್ಟೂ ಬೆಲೆ ಅದಕ್ಕೇ ಹೋಗುತ್ತದೆ.

ಇಷ್ಟು ಒಳ್ಳೆಯ ಮಾತು ಬಿಟ್ಟಿ ಸಿಕ್ಕಿದರೆ ನಾನು ಸುಮ್ಮನಿರುತ್ತೇನೆಯೇ? "ನಿಮಗೆ ಯಾವ ಅಂಗಡಿಯವರು ಕಮಿಷನ್ ಕೊಡ್ತಾರೆ?" ಅಂತ ನೇರವಾಗಿ ಕೇಳಿದೆ. ಮೇಷ್ಟ್ರು ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕರು. "ಕೊಟ್ಟಿದ್ರೆ ಈ ಅಂಗಡಿಗೊಂದು ಫ್ಯಾನ್ ಹಾಕಿಸ್ತಿದ್ದೆ ಅಮ್ಮ." ತಲೆ ಎತ್ತಿ ನೋಡಿದೆ. ಫ್ಯಾನ್ ಇರಲಿಲ್ಲ. ಮೋಟಾರ್ ರಿಪೇರಿಯವರ ಅಂಗಡಿಯಲ್ಲೇ ಫ್ಯಾನ್ ಇಲ್ಲ!

ಅಂಥ ಮಷೀನು ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಹೋದ ವರ್ಷದ ಮಾದರಿ, ಪೆಟ್ಟಿಗೆಯ ಮೂಲೆ ಜಜ್ಜಿಹೋಗಿತ್ತು, ಅದಕ್ಕೆ ದೊಡ್ಡ ಅಂಗಡಿಯದ್ದಕ್ಕಿಂತ ಅರ್ಧ ಬೆಲೆ. ಜಜ್ಜಿದ್ದು ರಟ್ಟು ಮಾತ್ರವೋ, ಒಳಗಿನದ್ದೂ ಸೇರಿಯೋ ಅಂತ ಪೆಟ್ಟಿಗೆ ಪೂರ್ತಿ ಬಿಚ್ಚಿಸಿ ನೋಡಿದೆ. ನೋಡಲು ಕುರೂಪಿ, ಬಣ್ಣ ಕಂದಿದ ಬಕೆಟ್ಟಿನ ಹಾಗಿದೆ. ಹತ್ತು ಗ್ರಾಮಿಗೆ ಒಂಬತ್ತೂವರೆ ಎಳೆಯಿತು. ಒದ್ದೆ ಕರ್ಚೀಫು ಬೆಳ್ಳಗೇ ಉಳಿಯಿತು. ಎರಡನೇ ಸಲವೂ ಮಾಡಿಸಿದೆ, ಅಂಗಡಿಯವನು ತನಗೆ ಕುರ್ಚಿ ತರಿಸಿಕೊಂಡ. ಎರಡನೇ ಸಲವೂ ಅಷ್ಟೇ. ಕೊಂಡೆ.

ಮನೆಯಲ್ಲಿ ಓಡಿಸಿದ ದಿನ ಕಂಬಳಿ ಬಚ್ಚಲುಮನೆಗೆ ಹೋಗಿ ಬಕೆಟ್ಟಿನ ಹಿಂದೆ ಕೂತ. ನಿನ್ನ ಕೋಣೆಯಿಂದಲೇ ಶುರುಮಾಡಿದೆ: ಹಾಸಿಗೆ, ಹಾಸಿಗೆಯ ಅಡಿ, ಪರದೆಯ ಮಡಿಕೆ, ಕಪಾಟಿನ ಹಿಂದೆ. ಒಂದು ಗಂಟೆಗೆ ಚೀಲ ಉಬ್ಬಿತು. ಎಸೆಯುವ ಮೊದಲು ಬಾಯಿಗೂ ಮೂಗಿಗೂ ಬಟ್ಟೆ ಕಟ್ಟಿಕೊಂಡು, ಬಾಲ್ಕನಿಯಲ್ಲಿ ಪೇಪರ್ ಹಾಸಿ, ಚೀಲ ಬಿಚ್ಚಿ ನೋಡಿದೆ. ಕರಿಯ ಕೂದಲು, ಬಿಳಿಯ ಕೂದಲು ಬೇರೆ ಮಾಡಿ ತೂಗಿದೆ. ಕರಿಯದ್ದೇ ಮೂರು ಪಾಲು. ಯಾಕೆ ಹಾಗೆ ಮಾಡಿದೆ ಅಂತ ಕೇಳಬೇಡ. ತಕ್ಕಡಿ ಇದ್ದವರಿಗೆ ತೂಗಬೇಕು ಅನ್ನಿಸುತ್ತದೆ, ಅಷ್ಟೇ.

ಈಗ ಭಾನುವಾರದ ವಿಷಯ. ನಿನ್ನ ಪತ್ರದಂತೆಯೇ ನರ್ಸರಿಯವರಿಗೆ ಬರಹೇಳಿದ್ದೆ. "ಕಂಬಳಿಯನ್ನು ಅವರಿಗೆ ಕೊಟ್ಟುಬಿಡು, ಅಲ್ಲಿ ಗಿಡಗಳ ನಡುವೆ ಓಡಾಡಲು ಜಾಗ ಇದೆ, ವಾರಕ್ಕೊಮ್ಮೆ ಕಿವಿ ಒರೆಸಬೇಕು ಅಂತ ಹೇಳು" ಎಂದು ನೀನು ಬರೆದದ್ದನ್ನು ನಾನು ಬೆಳಕಿಗೆ ಹಿಡಿದು ಓದಿದ್ದೆ. ಯಾರೋ ಪಕ್ಕದಲ್ಲಿ ಕೂತು ಬರೆಸಿದ್ದಾರೆ ಅನ್ನಿಸಿತ್ತು. ಕಂಬಳಿ ಎಂಬ ಪದದ ಮೇಲೆ ಶಾಯಿ ಹರಡಿತ್ತು. ಬರೆಸಿದ್ದಲ್ಲ ಅಂತ ಆಗ ಗೊತ್ತಾಯಿತು. ಅದರ ಮೇಲೆ ತಮ್ಮನ ಹೆಂಡತಿ ಬೇರೆ ಮೂರು ಸಲ ಫೋನ್ ಮಾಡಿ "ನಾಯಿ ಹೋಯ್ತಾ?" ಅಂತ ಕೇಳಿದಳು. ನಾಯಿ ಹೋದರೆ ನೀನು ಬೇಗ ಇಲ್ಲಿಗೆ ವಾಪಸಾಗುತ್ತೀಯ, ಅವಳಿಗೆ ಕೋಣೆ ಖಾಲಿಯಾಗುತ್ತದೆ ಅಂತ ನಾನು ಲೆಕ್ಕ ಹಾಕಿದೆ. ಆಮೇಲೆ ಟೈಲರಮ್ಮ ಹೇಳಿದಳು, ಅವಳಿಗೂ ತಮ್ಮನ ಹೆಂಡತಿಯ ಫೋನ್ ಬಂದಿತ್ತಂತೆ, "ಅಕ್ಕ ಊಟಕ್ಕೆ ಕೂತಾಗ ನಾಯಿ ನೆನೆಸ್ಕೊಂಡು ತಟ್ಟೆ ಬಿಟ್ಟು ಏಳ್ತಾರೆ, ಹೋಗೋದಾದ್ರೆ ಒಂದು ಸಲ ಹೋಗ್ಲಿ, ಹೀಗೆ ದಿನಾ ನೋಡೋಕಾಗಲ್ಲ" ಅಂತ ಅತ್ತಳಂತೆ. ಅವಳ ಬಗ್ಗೆ ನಾನು ತಪ್ಪು ತಿಳಿದಿದ್ದೆ. ಸ್ಪೀಕರಿನ ವಿಷಯ ಮಾತ್ರ ಇನ್ನೂ ನನಗೆ ಇತ್ಯರ್ಥವಾಗಿಲ್ಲ.

ನರ್ಸರಿಯವರು ಗಿಡ ಸಾಗಿಸುವ ವ್ಯಾನಿನಲ್ಲಿ ಬಂದರು. ಹೊಸ ಹಗ್ಗ ತಂದಿದ್ದರು, ಕೈ ತುಂಬ ಒಣಗಿದ ಮಣ್ಣು. ಎಷ್ಟು ಸಲ ಊಟ, ಸಿಡಿಲಿಗೆ ಹೆದರುತ್ತದೆಯೇ, ಯಾವ ಮಾತಿಗೆ ಬರುತ್ತದೆ ಅಂತ ಎಲ್ಲ ಕೇಳಿಕೊಂಡರು. ಬೇರೆ ಉದ್ದೇಶ ಏನಾದರೂ ಇರಬಹುದೇ ಅಂತ ನಾನು ಅವರನ್ನೂ ಅಡ್ಡಡ್ಡ ಪ್ರಶ್ನೆ ಕೇಳಿದೆ. ಏನೂ ಸಿಗಲಿಲ್ಲ, ಒಳ್ಳೆಯ ಮನುಷ್ಯ. ಕಂಬಳಿಯಂತೂ ಮಾನಗೆಟ್ಟವನು, ಕರೆಯುವ ಮೊದಲೇ ವ್ಯಾನಿಗೆ ಹಾರಿ ಎರಡು ಕುಂಡಗಳ ನಡುವೆ ಕೂತು ಬಾಲ ಬಡಿದ. ನಾನು ಕಿವಿ ಒರೆಸುವ ವಿಷಯ ಹೇಳಿದೆ. ಬಟ್ಟೆ ಹೇಗೆ ಮಡಚಬೇಕು ಅಂತ ತೋರಿಸಿದೆ. ಅವರು ತಲೆಯಾಡಿಸಿ ವ್ಯಾನು ಹೊರಡಿಸಿದರು. ಗೇಟಿನ ಹತ್ತಿರ ತಿರುವಿನಲ್ಲಿ ಕಂಬಳಿ ಎದ್ದುನಿಂತು ನಮ್ಮ ಮೂರನೇ ಮಹಡಿಯ ಕಿಟಕಿಯ ಕಡೆ ನೋಡಿದ. ನನ್ನ ಕಡೆ ಅಲ್ಲ, ನಿನ್ನ ಕಿಟಕಿಯ ಕಡೆ. ನೀನು ಅಲ್ಲಿ ನಿಂತು ಶಿಳ್ಳೆ ಊದುತ್ತೀಯಲ್ಲ, ಅದಕ್ಕೆ ಕಾಯುತ್ತಿದ್ದ.

"ನಿಲ್ಸಿ, ನಿಲ್ಸಿ" ಅಂತ ಚಪ್ಪಲಿಯೂ ಇಲ್ಲದೆ ಓಡಿದೆ. ಅರವತ್ತು ದಾಟಿದ ಹೆಂಗಸು ಹಾಗೆ ಓಡಿದ್ದನ್ನು ಇಡೀ ಬೀದಿ ನೋಡಿತು. "ಏನಾಯ್ತಮ್ಮ?" ಅಂದರು ಅವರು. "ಮಷೀನು ಬಂದಿದೆ. ಇನ್ನು ಇವನು ಹೋಗಬೇಕಾಗಿಲ್ಲ" ಅಂದೆ. "ನಿಮ್ಮಕ್ಕನೇ ಹೇಳಿದ್ರಲ್ಲ, ಕೊಟ್ಬಿಡಿ ಅಂತ?" ಅಂದರು. "ಅವಳಿಗೆ ಎಲ್ಲ ಗೊತ್ತಿಲ್ಲ" ಅಂದೆ. ಅವರು ವ್ಯಾನಿನಿಂದ ಇಳಿದು ಹಗ್ಗ ಬಿಚ್ಚಿದರು. ಕಂಬಳಿಯನ್ನು ಇಳಿಸಲು ನಾವಿಬ್ಬರೂ ಸೇರಿ ಎತ್ತಬೇಕಾಯಿತು.

ಮಾತ್ರೆ ತಪ್ಪಿಸಬೇಡ. ಇನ್ಹೇಲರ್ ಡಬ್ಬಿಯ ಮೇಲಿನ ಅಂಕೆ ಎಷ್ಟಿದೆ ನೋಡಿ ಬರೆ, ಮುಗಿಯುವ ಮೊದಲೇ ಕಳಿಸುತ್ತೇನೆ. ತಮ್ಮನಿಗೆ ನನ್ನ ಆಶೀರ್ವಾದ ಹೇಳು, ಅವನ ಹೆಂಡತಿಗೂ ಹೇಳು, ಮನಸಾರೆ ಹೇಳಿದ್ದಾಳೆ ಅಂತಲೇ ಹೇಳು. ನಿನ್ನ ಕೋಣೆಯ ಕಿಟಕಿಯನ್ನು ದಿನವೂ ತೆರೆದಿಡುತ್ತಿದ್ದೇನೆ.

ನಿನ್ನ ಪ್ರೀತಿಯ ತಂಗಿ,
(ನೀನು ಕರೆಯುವಂತೆ) ಪತ್ತೇದಾರಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಇದರೊಳಗೆ ಇನ್ನೊಂದು ಕಾಗದ ಇದೆ, ನೀನು ಒಬ್ಬಳೇ ಇರುವಾಗ ಓದು. ಯಾವ ಪ್ರಾಣಿ ನಿನಗೆ ಆಗುವುದಿಲ್ಲ ಅಂತ ನೋಡಲು ಆಸ್ಪತ್ರೆಯಲ್ಲಿ ತೆಗೆದ ರಕ್ತದ ರಿಪೋರ್ಟು. ನೀನು ಎರಡು ಸಲ ಕೇಳಿದೆ, ಎರಡು ಸಲವೂ ಲ್ಯಾಬಿನವರು ಇನ್ನೂ ಕಳಿಸಿಲ್ಲ ಅಂದೆ. ಬಂದು ಮೂರು ವಾರವಾಯಿತು. ನಾಯಿ ಅಂತ ಬರೆದಿರುವ ಸಾಲಿನಲ್ಲಿ ಏನೂ ಇಲ್ಲ. ಬೆಕ್ಕು ಅಂತ ಬರೆದಿರುವ ಸಾಲಿನಲ್ಲಿ ಇದೆ, ಬಹಳ ಇದೆ. ಡಾಕ್ಟರಿಗೆ ತೋರಿಸಿದೆ. ಎಷ್ಟು ಕೂದಲು ಉದುರುತ್ತದೆ ಅನ್ನುವುದು ಮುಖ್ಯವಲ್ಲವಂತೆ, ಬೆಕ್ಕು ಮೈ ನೆಕ್ಕಿಕೊಂಡಾಗ ಅಂಟಿ ಒಣಗಿ ಗಾಳಿಗೆ ಸೇರುವುದೇ ನಿನಗೆ ಆಗದಿರುವುದು. ಒಳ್ಳೆಯ ಮಷೀನು ಸಿಕ್ಕಿಬಿಟ್ಟರೆ ಆ ಕಾಗದವನ್ನು ನಿನಗೆ ತೋರಿಸಬೇಕಾಗಿಲ್ಲ ಅಂದುಕೊಂಡೆ. ಕಂಬಳಿಯನ್ನು ಕೊಟ್ಟುಬಿಡು ಅನ್ನುವ ನಿನ್ನ ಪತ್ರ ಬಂದಾಗ ಅದು ನನ್ನ ಸೀರೆಗಳ ಕೆಳಗೆ ಇತ್ತು. ಆಗಲೂ ಬಾಯಿ ಬಿಡಲಿಲ್ಲ. ನಿನ್ನ ನಾಯಿಯನ್ನು ಕೊಡು ಅಂತ ನೀನೇ ಬರೆದೆ, ನನ್ನ ಬಿಳಿ ಬೆಕ್ಕಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮೌನಿಯನ್ನು ಗುರುವಾರ ನರ್ಸರಿಯವರು ಕರೆದುಕೊಂಡು ಹೋಗುತ್ತಾರೆ, ಅವರ ಗೊಬ್ಬರದ ಕೋಣೆಯಲ್ಲಿ ಇಲಿ ಕಾಟ. ಬೇಡ ಅಂತ ನೀನು ಬರೆದರೂ ಅಷ್ಟರೊಳಗೆ ಆಗಿಹೋಗಿರುತ್ತದೆ, ಅದಕ್ಕೇ ಇವತ್ತು ಅಂಚೆಗೆ ಹಾಕುತ್ತಿದ್ದೇನೆ. ಅವಳನ್ನು ನೋಡಿಕೊಂಡು ಬರುವ ದಿನ ಟೈಲರಮ್ಮನ ಮನೆಯಲ್ಲೇ ಬಟ್ಟೆ ಬದಲಾಯಿಸಿ ಒಳಗೆ ಬರುತ್ತೇನೆ. ಅವಳು ಹೋದ ಮೇಲೂ ಮನೆಯಲ್ಲಿ ಉಳಿದಿರುವುದು ಕಡಿಮೆಯಾಗಲು ತಿಂಗಳುಗಳು ಬೇಕಂತೆ. ದಿನವೂ ಮಷೀನು ಓಡಿಸುತ್ತೇನೆ, ಡಾಕ್ಟರು ಆಗಬಹುದು ಅಂದ ದಿನ ಬಾ. ಈಗ ಅವಳು ನನ್ನ ತೊಡೆಯ ಮೇಲೆ ಮಲಗಿದ್ದಾಳೆ, ಅಕ್ಷರ ಓರೆಯಾಗಿರುವುದು ಅದಕ್ಕೇ. ಈ ಕಾಗದ ಮುಟ್ಟಿದ ಮೇಲೆ ಕೈ ತೊಳೆದುಕೋ, ಅಕ್ಕಾ.